ಸೋರಿಯಾಸಿಸ್: ಅಂಟುವ ಕಾಯಿಲೆಯಲ್ಲ, ಹತೋಟಿಗೆ ಬರುವ ಕಾಯಿಲೆ

ಸೋರಿಯಾಸಿಸ್ ಇರುವವರು ವೈದ್ಯರ ಕೋಣೆಯಲ್ಲಿ ಕೇಳುವ ಪ್ರಶ್ನೆ ಒಂದು, ಹೊರಗೆ ಬಂದ ಮೇಲೆ ನಮ್ಮ ಹತ್ತಿರ ಮೆಲ್ಲಗೆ ಕೇಳುವ ಪ್ರಶ್ನೆ ಇನ್ನೊಂದು. ಒಳಗೆ "ಇದು ಎಂದು ವಾಸಿಯಾಗುತ್ತದೆ?" ಎನ್ನುತ್ತಾರೆ. ಹೊರಗೆ, ಅದೂ ಹೆಚ್ಚಾಗಿ ಜೊತೆಗೆ ಬಂದವರು, "ಸಿಸ್ಟರ್, ಇದು ಅಂಟು ಜಡ್ಡೇನ್ರಿ? ಮನ್ಯಾಗ ಸಣ್ಣ ಹುಡುಗ್ರು ಅದಾರ್ರಿ" ಎನ್ನುತ್ತಾರೆ. ಎರಡಕ್ಕೂ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಸೋರಿಯಾಸಿಸ್ ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ. ಇನ್ನು ವಾಸಿಯ ಮಾತು. ಇದನ್ನು ಬೇರುಸಹಿತ ತೆಗೆದುಹಾಕುವ ಔಷಧಿ ಇಂದಿನವರೆಗೆ ಇಲ್ಲ. ಆದರೆ ಸಕ್ಕರೆ ಕಾಯಿಲೆ, ರಕ್ತದೊತ್ತಡಗಳನ್ನು ಹತೋಟಿಯಲ್ಲಿ ಇಟ್ಟುಕೊಳ್ಳುವಂತೆ ಇದನ್ನೂ ಇಟ್ಟುಕೊಳ್ಳಬಹುದು. ಚಿಕಿತ್ಸೆ ಸರಿಯಾಗಿ ನಡೆದರೆ ತಿಂಗಳುಗಟ್ಟಲೆ, ಕೆಲವರಲ್ಲಿ ವರ್ಷಗಟ್ಟಲೆ ಚರ್ಮ ಸ್ವಚ್ಛವಾಗಿರುತ್ತದೆ.

ಈ ಪುಸ್ತಿಕೆಯನ್ನು ಮನೆಗೆ ಒಯ್ಯಿರಿ. ರೋಗಿಗೆ ಓದಲು ಬಾರದಿದ್ದರೆ ಜೊತೆಯವರು ಗಟ್ಟಿಯಾಗಿ ಓದಿ ಹೇಳಿರಿ. "ವಾರಕ್ಕೊಮ್ಮೆ ಮಾತ್ರೆ" ಎಂಬ ಭಾಗವನ್ನಂತೂ ಎರಡು ಸಲ ಓದಿರಿ.

ಚರ್ಮದಲ್ಲಿ ಏನಾಗುತ್ತದೆ?

ನಮ್ಮ ಚರ್ಮದ ಮೇಲ್ಪದರ ಸದಾ ಹೊಸದಾಗುತ್ತಲೇ ಇರುತ್ತದೆ. ಕೆಳಗೆ ಹುಟ್ಟಿದ ಜೀವಕೋಶ ನಿಧಾನವಾಗಿ ಮೇಲಕ್ಕೆ ಬಂದು, ಒಣಗಿ, ಕಣ್ಣಿಗೆ ಕಾಣದಷ್ಟು ಸಣ್ಣ ಹೊಟ್ಟಾಗಿ ಉದುರಲು ಸುಮಾರು ಒಂದು ತಿಂಗಳು ಹಿಡಿಯುತ್ತದೆ. ಸೋರಿಯಾಸಿಸ್ ಇರುವ ಜಾಗದಲ್ಲಿ ಇದೇ ಕೆಲಸ ನಾಲ್ಕೈದು ದಿನಗಳಲ್ಲಿ ಮುಗಿದುಹೋಗುತ್ತದೆ. ಹೆಂಚಿನ ಮೇಲಿನ ರೊಟ್ಟಿ ಬೇಯುವ ಮೊದಲೇ ಅದರ ಮೇಲೆ ಇನ್ನೊಂದು, ಮತ್ತೊಂದು ಹಾಕುತ್ತಾ ಹೋದರೆ ಹೇಗಿರುತ್ತದೆ? ಹಾಗೆ ಬಲಿಯದ ಜೀವಕೋಶಗಳು ಒಂದರ ಮೇಲೊಂದು ಕೂತು ದಪ್ಪನೆಯ ಬಿಳಿ ಪೊರೆಯಾಗುತ್ತವೆ. ಕೆಳಗಿನ ಸಣ್ಣ ರಕ್ತನಾಳಗಳು ಹಿಗ್ಗಿರುವುದರಿಂದ ಆ ಜಾಗ ಕೆಂಪಗೆ ಕಾಣುತ್ತದೆ. ಕಪ್ಪು ಮೈಬಣ್ಣದವರಲ್ಲಿ ಅದು ನೇರಳೆಯಾಗಿ ಅಥವಾ ಕಡು ಕಂದಾಗಿ ಕಾಣಬಹುದು. ಪೊರೆಯನ್ನು ಉಗುರಿನಿಂದ ಕಿತ್ತರೆ ಸೂಜಿ ಚುಚ್ಚಿದಂತೆ ಚುಕ್ಕೆ ಚುಕ್ಕೆಯಾಗಿ ರಕ್ತ ಬರುವುದೂ ಇದರಿಂದಲೇ.

ಹೀಗೆ ಅವಸರಪಡಿಸುವುದು ನಮ್ಮದೇ ರೋಗನಿರೋಧಕ ಶಕ್ತಿ. ಊರ ಕಾವಲಿನವನು ಕಳ್ಳರೇ ಇಲ್ಲದ ರಾತ್ರಿಯಲ್ಲೂ "ಕಳ್ಳ ಬಂದ" ಎಂದು ಕೂಗಿ ಊರನ್ನೇ ಎಬ್ಬಿಸಿದಂತೆ, ಅದು ಕಾರಣವಿಲ್ಲದೆ ಚರ್ಮವನ್ನು ಕೆರಳಿಸುತ್ತದೆ. ಹುಟ್ಟಿನಿಂದ ಬಂದ ಒಲವು ಕೆಲವರಲ್ಲಿ ಇರುತ್ತದೆ, ಮೇಲೆ ಏನಾದರೊಂದು ನೆಪ ಸಿಕ್ಕಾಗ ರೋಗ ಹೊರಗೆ ಕಾಣಿಸಿಕೊಳ್ಳುತ್ತದೆ. ರಕ್ತ ಕೆಟ್ಟಿಲ್ಲ, ಹುಳು ಸೇರಿಲ್ಲ, ಯಾವ ಸರ್ಪದೋಷವೂ ಇಲ್ಲ. ಸ್ವಚ್ಛತೆ ಇಲ್ಲದ್ದರಿಂದ ಬಂದದ್ದೂ ಅಲ್ಲ. ದಿನಕ್ಕೆ ಎರಡು ಸಲ ಸ್ನಾನ ಮಾಡುವವರಿಗೂ ಬರುತ್ತದೆ.

ಮೊಣಕೈ, ಮೊಣಕಾಲು, ತಲೆ, ಸೊಂಟದ ಹಿಂಭಾಗ ಇವು ಇದರ ಮೆಚ್ಚಿನ ಜಾಗಗಳು. ಹೆಚ್ಚಿನವರಲ್ಲಿ ಅಂಚು ಸ್ಪಷ್ಟವಾಗಿರುವ ದಪ್ಪ ಮಚ್ಚೆಗಳೇ ಇರುತ್ತವೆ. ಕೆಲವರಿಗೆ ಅಂಗೈ ಅಂಗಾಲು ಮಾತ್ರ ಒಡೆದು ನೋಯುತ್ತವೆ. ಇವರು ವರ್ಷಗಟ್ಟಲೆ ಇದನ್ನು "ಒಡಕು" ಎಂದುಕೊಂಡು ಮೇಣ ಹಚ್ಚುತ್ತಾ ಕೂತಿರುತ್ತಾರೆ. ಕಂಕುಳು, ತೊಡೆಸಂದಿ, ಸ್ತನದ ಕೆಳಗೆ ಬಂದಾಗ ಪೊರೆ ಇರುವುದಿಲ್ಲ, ಕೆಂಪಗೆ ನುಣ್ಣಗೆ ಇರುತ್ತದೆ. ಅದನ್ನು ಗಜಕರ್ಣ ಎಂದು ತಿಳಿದು ಅಂಗಡಿ ಮುಲಾಮು ಹಚ್ಚಿ ಕೆಡಿಸಿಕೊಂಡು ಬರುವವರು ಬಹಳ.

ಅಂಟುವುದಿಲ್ಲ ಎಂದರೆ ಹೇಗೂ ಅಂಟುವುದಿಲ್ಲ

ಮುಟ್ಟಿದರೆ, ಅಪ್ಪಿಕೊಂಡರೆ, ಒಂದೇ ತಟ್ಟೆಯಲ್ಲಿ ಉಂಡರೆ, ಒಂದೇ ಟವೆಲ್ಲಿನಲ್ಲಿ ಮೈ ಒರೆಸಿದರೆ, ಒಂದೇ ಹಾಸಿಗೆಯಲ್ಲಿ ಮಲಗಿದರೆ ಇದು ಬರುವುದಿಲ್ಲ. ಗಂಡ ಹೆಂಡಿರ ಸಂಬಂಧದಿಂದಲೂ ಬರುವುದಿಲ್ಲ. ಉದುರಿದ ಹೊಟ್ಟಿನಲ್ಲಿ ಯಾವ ರೋಗಾಣುವೂ ಇಲ್ಲ, ಕಸಬರಿಗೆಯಿಂದ ಗುಡಿಸಿ ಹಾಕಿದರೆ ಮುಗಿಯಿತು. ತಾಯಿ ಮಗುವಿಗೆ ಹಾಲೂಡಿಸಬಹುದು. ನಮ್ಮ ದಾಸೋಹದ ಪಂಕ್ತಿಯಲ್ಲಿ ಎಲ್ಲರ ನಡುವೆ ಕೂತು ಉಣ್ಣಬಹುದು, ಬಡಿಸಲೂಬಹುದು.

ಇಷ್ಟು ಬಿಡಿಸಿ ಹೇಳಲು ಕಾರಣವಿದೆ. ಹಳ್ಳಿಯಿಂದ ಬಂದ ಒಬ್ಬ ಗೃಹಿಣಿಗೆ ಎರಡು ಮೊಣಕಾಲಿನ ಮೇಲೆ ಮಾತ್ರ ಮಚ್ಚೆಗಳಿದ್ದವು. ಕೈಯಲ್ಲಿ ಒಂದು ಚುಕ್ಕೆಯೂ ಇರಲಿಲ್ಲ. ಆದರೂ ಒಂದೂವರೆ ವರ್ಷದಿಂದ ಮನೆಯಲ್ಲಿ ಅವರಿಗೆ ಹಿಟ್ಟು ನಾದಲು ಬಿಡುತ್ತಿರಲಿಲ್ಲ. ತಟ್ಟೆ, ಲೋಟ ಬೇರೆ ಇಟ್ಟಿದ್ದರು. "ನಾ ಬಡದ ರೊಟ್ಟಿ ಯಾರೂ ತಿನ್ನೂದಿಲ್ರಿ" ಎಂದು ಹೇಳುವಾಗ ಅವರು ತಲೆ ಎತ್ತಲಿಲ್ಲ. ನಮ್ಮ ವೈದ್ಯರು ಔಷಧಿ ಬರೆಯುವ ಮೊದಲು ಅವರ ಯಜಮಾನರನ್ನೂ ಅತ್ತೆಯವರನ್ನೂ ಒಳಗೆ ಕರೆಸಿ, ಅವರ ಎದುರಿಗೇ ಬರಿಗೈಯಲ್ಲಿ ಆ ಮಚ್ಚೆಗಳನ್ನು ಒತ್ತಿ ನೋಡಿ, ವಿಷಯ ತಿಳಿಸಿದರು. ಮುಂದಿನ ತಿಂಗಳು ಆ ಅತ್ತೆಯವರೇ ಸೊಸೆಯನ್ನು ಕರೆದುಕೊಂಡು ಬಂದರು. ಮಚ್ಚೆಗಳು ಆಗಿನ್ನೂ ಅರ್ಧದಷ್ಟೂ ಇಳಿದಿರಲಿಲ್ಲ, ಆದರೆ ಆಕೆ ನಿದ್ದೆ ಮಾಡುತ್ತಿದ್ದರು.

ಈ ಭಯ ಇಂದು ನಿನ್ನೆಯದಲ್ಲ. ಹಿಂದಿನ ಕಾಲದಲ್ಲಿ ವೈದ್ಯರಿಗೇ ಸೋರಿಯಾಸಿಸ್ ಯಾವುದು, ಕುಷ್ಠ ಯಾವುದು ಎಂಬ ಗೊಂದಲವಿತ್ತು. ವಿಯೆನ್ನಾ ನಗರದ ವೈದ್ಯ ಫರ್ಡಿನಾಂಡ್ ಫಾನ್ ಹೆಬ್ರಾ ಅವರು 1841 ರಲ್ಲಿ ಎರಡನ್ನೂ ಖಚಿತವಾಗಿ ಬೇರ್ಪಡಿಸಿ ತೋರಿಸಿದರು. ಅಷ್ಟರವರೆಗೆ ಎಷ್ಟು ಜನ ಸೋರಿಯಾಸಿಸ್ ರೋಗಿಗಳನ್ನು ಊರ ಹೊರಗೆ ಇಟ್ಟಿದ್ದರೋ! ಕುಷ್ಠದ ಮಚ್ಚೆ ಸಾಮಾನ್ಯವಾಗಿ ಬಣ್ಣ ಮಾಸಿದ್ದಾಗಿದ್ದು, ಅಲ್ಲಿ ಸ್ಪರ್ಶಜ್ಞಾನ ಕಡಿಮೆಯಾಗಿರುತ್ತದೆ. ಸೋರಿಯಾಸಿಸ್ ಮಚ್ಚೆಯಲ್ಲಿ ಪೊರೆ ಇರುತ್ತದೆ, ತುರಿಕೆ ಇರುತ್ತದೆ, ಮುಟ್ಟಿದ್ದು ಚೆನ್ನಾಗಿ ಗೊತ್ತಾಗುತ್ತದೆ. ಅನುಮಾನವಿದ್ದರೆ ತೋರಿಸಿಕೊಳ್ಳಿ. ಕುಷ್ಠವೇ ಆಗಿದ್ದರೂ ಹೆದರಬೇಕಾಗಿಲ್ಲ, ಅದಕ್ಕೆ ಸರ್ಕಾರ ಉಚಿತವಾಗಿ ಕೊಡುವ ಮಾತ್ರೆಗಳಿಂದ ಪೂರ್ತಿ ಗುಣವಾಗುತ್ತದೆ.

ಮಕ್ಕಳಿಗೆ ಬರುತ್ತದೆಯೇ ಎಂಬುದು ಮದುವೆಯ ಮಾತು ಬಂದಾಗಲೆಲ್ಲಾ ಏಳುವ ಪ್ರಶ್ನೆ. ತಂದೆ ತಾಯಿಗಳಲ್ಲಿ ಒಬ್ಬರಿಗೆ ಇದ್ದರೆ ಮಕ್ಕಳಿಗೆ ಬರುವ ಸಂಭವ ಸಾಮಾನ್ಯವಾಗಿ ಹತ್ತರಲ್ಲಿ ಒಂದರ ಆಸುಪಾಸು. ಅಂದರೆ ಹತ್ತರಲ್ಲಿ ಒಂಬತ್ತು ಮಕ್ಕಳಿಗೆ ಬರುವುದಿಲ್ಲ. ಇಬ್ಬರಿಗೂ ಇದ್ದರೆ ಸಂಭವ ಹೆಚ್ಚು. ಇದಕ್ಕಾಗಿ ಹುಡುಗಿಯ ಮದುವೆ ನಿಲ್ಲಿಸುವುದು, ರೋಗ ಮುಚ್ಚಿಟ್ಟು ಮದುವೆ ಮಾಡುವುದು ಎರಡೂ ಬೇಡ. ಮುಚ್ಚಿಟ್ಟ ಹುಡುಗಿ ಗಂಡನ ಮನೆಯಲ್ಲಿ ಮುಲಾಮು ಹಚ್ಚಿಕೊಳ್ಳಲೂ ಹೆದರುತ್ತಾಳೆ. ಆಗ ರೋಗ ಮತ್ತಷ್ಟು ಹೆಚ್ಚುತ್ತದೆ.

ಯಾವುದರಿಂದ ಕೆರಳುತ್ತದೆ?

ಪೆಟ್ಟು, ಗೀರು, ಸತತ ತಿಕ್ಕಾಟ. ಚರ್ಮಕ್ಕೆ ಗಾಯವಾದ ಜಾಗದಲ್ಲೇ ಹತ್ತು ಹದಿನೈದು ದಿನಗಳಲ್ಲಿ ಹೊಸ ಮಚ್ಚೆ ಏಳಬಹುದು. ಬಿಗಿಯಾದ ಉಡದಾರ, ಲಂಗದ ಲಾಡಿ, ಇಕ್ಕಟ್ಟಾದ ಬಳೆ, ಚಪ್ಪಲಿಯ ಪಟ್ಟಿ ಉಜ್ಜುವ ಕಡೆ ಗಮನಿಸಿ. ಲಾಡಿಯನ್ನು ಸ್ವಲ್ಪ ಅಗಲವಾದ ಮೆತ್ತನೆಯ ಬಟ್ಟೆಗೆ ಬದಲಿಸಿದ್ದರಿಂದಲೇ ಸೊಂಟದ ಮಚ್ಚೆ ಇಳಿದವರಿದ್ದಾರೆ. ತುರಿಸುವುದೂ ಒಂದು ಗಾಯವೇ. ಉಗುರು ಸಣ್ಣದಾಗಿ ಕತ್ತರಿಸಿಕೊಳ್ಳಿ.

ಗಂಟಲು ನೋವು. ಮಕ್ಕಳಲ್ಲಿ, ಹರೆಯದವರಲ್ಲಿ ಗಂಟಲಿನ ಸೋಂಕಾದ ಎರಡು ಮೂರು ವಾರಗಳ ನಂತರ ಮೈತುಂಬ ಹನಿ ಹನಿಯಂತೆ ಸಣ್ಣ ಮಚ್ಚೆಗಳು ಏಳುವುದುಂಟು.

ಬೇರೆ ಕಾಯಿಲೆಯ ಔಷಧಿಗಳು. ಮಾನಸಿಕ ಕಾಯಿಲೆಗೆ ಕೊಡುವ ಲಿಥಿಯಂ, ರಕ್ತದೊತ್ತಡ ಹಾಗೂ ಹೃದಯದ ಕಾಯಿಲೆಗೆ ಕೊಡುವ ಪ್ರೊಪ್ರನಾಲಾಲ್‌ನಂಥ ಕೆಲವು ಮಾತ್ರೆಗಳು, ಮಲೇರಿಯಾದ ಕ್ಲೋರೋಕ್ವಿನ್ ಇವು ಕೆಲವರಲ್ಲಿ ಸೋರಿಯಾಸಿಸ್ ಹೆಚ್ಚಿಸುತ್ತವೆ. ಹಾಗೆಂದು ಅವನ್ನು ನೀವೇ ನಿಲ್ಲಿಸಬೇಡಿ. ಯಾವ ಮಾತ್ರೆ ನುಂಗುತ್ತಿದ್ದೀರಿ ಎಂದು ವೈದ್ಯರಿಗೆ ತೋರಿಸಿ, ಬೇಕಿದ್ದರೆ ಅವರೇ ಬದಲಿಸುತ್ತಾರೆ.

ಬೀಡಿ, ಸಿಗರೇಟು, ಸಾರಾಯಿ ಈ ರೋಗಕ್ಕೆ ಎಣ್ಣೆ ಸುರಿದಂತೆ. ಮೈಭಾರ ಹೆಚ್ಚಾದಷ್ಟೂ ರೋಗ ಜಾಸ್ತಿ, ಔಷಧಿಯ ಫಲ ಕಡಿಮೆ. ನಮ್ಮ ಬಯಲುಸೀಮೆಯಲ್ಲಿ ದೀಪಾವಳಿಯಿಂದ ಸಂಕ್ರಾಂತಿಯವರೆಗಿನ ಒಣ ಚಳಿಯಲ್ಲಿ ಬಹಳ ಜನರಿಗೆ ಹೆಚ್ಚಾಗುತ್ತದೆ. ಆಗ ಎಣ್ಣೆ, ಮುಲಾಮು ಹಚ್ಚುವುದನ್ನು ಮೊದಲೇ ಹೆಚ್ಚಿಸಿಕೊಳ್ಳಬೇಕು. ಚಿಂತೆ, ನಿದ್ದೆಗೇಡೂ ಕೆರಳಿಸುತ್ತವೆ. ಬೆಳೆ ಕೈಕೊಟ್ಟ ವರ್ಷ, ಮನೆಯಲ್ಲಿ ಸಾವಾದ ತಿಂಗಳು ಎಂದು ರೋಗಿಗಳೇ ಲೆಕ್ಕ ಹೇಳುತ್ತಾರೆ.

ಸ್ನಾನ, ಎಣ್ಣೆ, ಮುಲಾಮು

ಹೆಚ್ಚಿನವರಿಗೆ ಮಚ್ಚೆಗಳು ಮೈಯ ಸ್ವಲ್ಪ ಭಾಗದಲ್ಲಿ ಮಾತ್ರ ಇರುತ್ತವೆ. ಇಂಥವರಿಗೆ ಮೇಲೆ ಹಚ್ಚುವ ಔಷಧಿಯೇ ಸಾಕು. ಆದರೆ ಅದನ್ನು ಹಚ್ಚುವ ಕ್ರಮವಿದೆ.

ಸುಡುಸುಡು ನೀರು ಬೇಡ. ಹೊಗೆಯಾಡುವ ಬಿಸಿನೀರು ಮೈಮೇಲೆ ಸುರಿದುಕೊಂಡಾಗ ತುರಿಕೆಗೆ ಹಿತವೆನಿಸುತ್ತದೆ ನಿಜ, ಆದರೆ ಚರ್ಮದ ಜಿಡ್ಡೆಲ್ಲಾ ಹೋಗಿ ಅರ್ಧ ಗಂಟೆಗೆ ತುರಿಕೆ ದುಪ್ಪಟ್ಟಾಗುತ್ತದೆ. ಉಗುರುಬೆಚ್ಚಗಿನ ನೀರು, ಹತ್ತು ನಿಮಿಷ, ಸ್ವಲ್ಪವೇ ಸೋಪು. ಕಲ್ಲು, ನಾರು, ಬ್ರಷ್ ಹಾಕಿ ತಿಕ್ಕಿ ಪೊರೆ ತೆಗೆಯುವ ಸಾಹಸ ಮಾಡಬೇಡಿ. ಮೆತ್ತನೆಯ ಬಟ್ಟೆಯಿಂದ ಒತ್ತಿ ಒರೆಸಿ, ಮೈ ಇನ್ನೂ ಹಸಿಯಾಗಿರುವಾಗಲೇ ಕೊಬ್ಬರಿ ಎಣ್ಣೆಯನ್ನೋ ವ್ಯಾಸಲಿನ್ನನ್ನೋ ಹಚ್ಚಿ. ತುಟ್ಟಿಯ ಕ್ರೀಮು ಬೇಕಿಲ್ಲ. ದಿನಕ್ಕೆ ಎರಡು ಮೂರು ಸಲ, ಮಚ್ಚೆ ಮಾಸಿದ ಮೇಲೂ ಹಚ್ಚುತ್ತಿರಬೇಕು.

ತಲೆಗೆ: ರಾತ್ರಿ ಎಣ್ಣೆಯನ್ನು ಬುಡಕ್ಕೆ ಮುಟ್ಟುವಂತೆ ಹಚ್ಚಿ, ಹಳೆಯ ಬಟ್ಟೆ ಕಟ್ಟಿಕೊಂಡು ಮಲಗಿ. ಬೆಳಿಗ್ಗೆ ಪೊರೆ ಮೆತ್ತಗಾಗಿರುತ್ತದೆ. ಅಗಲ ಹಲ್ಲಿನ ಬಾಚಣಿಗೆಯಿಂದ ಹಗುರವಾಗಿ ಬಾಚಿ, ವೈದ್ಯರು ಬರೆದ ಶಾಂಪು ಹಾಕಿ ಐದು ನಿಮಿಷ ಬಿಟ್ಟು ತೊಳೆಯಿರಿ. ಟಾರ್ ಇರುವ ಶಾಂಪು ಡಾಂಬರಿನ ವಾಸನೆ ಬರುತ್ತದೆ ಎಂದು ಬಿಟ್ಟುಬಿಡುವವರಿದ್ದಾರೆ. ಆ ವಾಸನೆ ಬೇಗ ಹೋಗುತ್ತದೆ, ಮೂಗು ಮುಚ್ಚಿಕೊಂಡಾದರೂ ಹಾಕಿಕೊಳ್ಳಿ.

ಮುಲಾಮನ್ನು ಎಷ್ಟು ಹಚ್ಚಬೇಕು? "ತುಸು ಹಚ್ಚಿರಿ" ಎಂದರೆ ಒಬ್ಬರು ಎಳ್ಳಿನಷ್ಟು, ಇನ್ನೊಬ್ಬರು ಅರ್ಧ ಟ್ಯೂಬು ಹಚ್ಚುತ್ತಾರೆ. ಅಳತೆ ನಿಮ್ಮ ಬೆರಳಿನಲ್ಲೇ ಇದೆ. ದೊಡ್ಡವರ ತೋರುಬೆರಳಿನ ತುದಿಯಿಂದ ಮೊದಲ ಗೆರೆಯವರೆಗೆ ಮುಲಾಮನ್ನು ಉದ್ದಕ್ಕೆ ಹಿಂಡಿದರೆ ಅದು ಸುಮಾರು ಅರ್ಧ ಗ್ರಾಂ. ಬೆರಳುಗಳೂ ಸೇರಿ ಎರಡು ಅಂಗೈ ಅಗಲದ ಜಾಗಕ್ಕೆ ಅಷ್ಟು ಸಾಕು. ನಾಲ್ಕು ಅಂಗೈಯಷ್ಟು ಮಚ್ಚೆ ಇದ್ದು ದಿನಕ್ಕೊಮ್ಮೆ ಹಚ್ಚುವವರಿಗೆ ದಿನಕ್ಕೆ ಒಂದು ಗ್ರಾಂ, ಅಂದರೆ 30 ಗ್ರಾಂ ಟ್ಯೂಬು ಒಂದು ತಿಂಗಳು. ಅದು ಎರಡು ತಿಂಗಳು ಬಂದರೆ ನೀವು ಕಡಿಮೆ ಹಚ್ಚುತ್ತಿದ್ದೀರಿ, ವಾರದಲ್ಲಿ ಮುಗಿದರೆ ಅತಿಯಾಗಿ ಹಚ್ಚುತ್ತಿದ್ದೀರಿ.

ಸ್ಟೀರಾಯ್ಡ್ ಮುಲಾಮು ಒಳ್ಳೆಯ ಔಷಧಿ, ವೈದ್ಯರು ಹೇಳಿದ ಜಾಗಕ್ಕೆ, ಹೇಳಿದಷ್ಟು ದಿನ ಹಚ್ಚಿದರೆ ಮಾತ್ರ. ಮೊಣಕಾಲಿಗೆ ಕೊಟ್ಟ ಗಡಸು ಮುಲಾಮನ್ನು ಮುಖಕ್ಕೆ, ತೊಡೆಸಂದಿಗೆ ಹಚ್ಚಿದರೆ ಚರ್ಮ ತೆಳುವಾಗಿ ಬಿರಿಯುತ್ತದೆ. ತಿಂಗಳುಗಟ್ಟಲೆ ಹಚ್ಚಿ ಒಮ್ಮೆಲೇ ಬಿಟ್ಟರೆ ರೋಗ ಮೊದಲಿಗಿಂತ ಜೋರಾಗಿ ಬರುತ್ತದೆ. ಆದ್ದರಿಂದ ದಿನ ಬಿಟ್ಟು ದಿನ, ಆಮೇಲೆ ವಾರಕ್ಕೆರಡು ಸಲ, ಹೀಗೆ ವೈದ್ಯರು ಹೇಳಿದಂತೆ ಇಳಿಸುತ್ತಾ ಬರಬೇಕು. 2018 ರಲ್ಲಿ ಕೇಂದ್ರ ಸರ್ಕಾರ ಇಂಥ 14 ಮುಲಾಮುಗಳನ್ನು ವೈದ್ಯರ ಚೀಟಿ ಇಲ್ಲದೆ ಮಾರಬಾರದೆಂದು ಆದೇಶ ಮಾಡಿತು. ಹಳೆಯ ಖಾಲಿ ಟ್ಯೂಬು ತೋರಿಸಿ ಅಂಗಡಿಯಲ್ಲಿ ಹೊಸದು ಕೊಳ್ಳುವ ರೂಢಿಯನ್ನು ದಯವಿಟ್ಟು ಬಿಡಿ.

ಬೆಳಗಿನ ಎಳೆಬಿಸಿಲು ಒಳ್ಳೆಯದೇ. ಹತ್ತು ಹದಿನೈದು ನಿಮಿಷ ಸಾಕು. ಮಧ್ಯಾಹ್ನದ ಬಿಸಿಲಿನಲ್ಲಿ ಮೈ ಸುಟ್ಟುಕೊಂಡರೆ ಅದೇ ಗಾಯವಾಗಿ ರೋಗ ಹೆಚ್ಚುತ್ತದೆ. ಮಚ್ಚೆಗಳು ಬಹಳ ಇದ್ದರೆ ವೈದ್ಯರು ಬೆಳಕಿನ ಚಿಕಿತ್ಸೆಗೆ ಬರೆಯಬಹುದು. ಬಿಸಿಲಿನಲ್ಲಿರುವ ಉಪಯುಕ್ತ ಕಿರಣವನ್ನಷ್ಟೇ ಯಂತ್ರದಿಂದ ಲೆಕ್ಕ ಮಾಡಿ ಕೊಡುವ ಕ್ರಮ ಇದು. ವಾರಕ್ಕೆ ಎರಡು ಮೂರು ಸಲದಂತೆ ಎರಡು ಮೂರು ತಿಂಗಳು ಬರಬೇಕು. ಮಾತ್ರೆ ಕೊಡಲಾಗದ ಗರ್ಭಿಣಿಯರಿಗೆ ಇದು ಬಹಳ ಅನುಕೂಲ. ಕಣ್ಣಿನ ಕನ್ನಡಕವನ್ನು ಮಾತ್ರ ನಡುವೆ ತೆಗೆಯಬಾರದು.

ವಾರಕ್ಕೊಮ್ಮೆ ಮಾತ್ರೆ

ಮೈಯ ಹೆಚ್ಚು ಭಾಗ ಹರಡಿದಾಗ, ಕೀಲು ಹಿಡಿದಾಗ, ಅಂಗೈ ಅಂಗಾಲು ಒಡೆದು ದುಡಿಯಲಾಗದಾಗ ವೈದ್ಯರು ಹೊಟ್ಟೆಗೆ ಮಾತ್ರೆ ಕೊಡುತ್ತಾರೆ. ಅವುಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು ಮೆಥೋಟ್ರೆಕ್ಸೇಟ್. ಹಳೆಯ ಔಷಧಿ, ಬೆಲೆ ಕಡಿಮೆ, ಸರಿಯಾಗಿ ನುಂಗಿದವರಿಗೆ ಬಹಳ ಉಪಕಾರಿ.

ಈ ಮಾತ್ರೆಯನ್ನು ವಾರಕ್ಕೆ ಒಂದೇ ದಿನ ನುಂಗಬೇಕು. ದಿನಾಲೂ ನುಂಗಬಾರದು. ಇದನ್ನು ದೊಡ್ಡ ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿರಿ. ನಮ್ಮ ಜನರಿಗೆ ಬಿ.ಪಿ. ಮಾತ್ರೆ, ಸಕ್ಕರೆ ಮಾತ್ರೆ ದಿನಾಲೂ ನುಂಗಿ ರೂಢಿ. ಅದೇ ರೂಢಿಯಲ್ಲಿ ಇದನ್ನೂ ದಿನಾಲೂ ನುಂಗಿದರೆ ರಕ್ತ ಹುಟ್ಟುವ ಮಜ್ಜೆಯೇ ಕೆಲಸ ನಿಲ್ಲಿಸುತ್ತದೆ. ಒಂದೇ ವಾರದಲ್ಲಿ ಬಾಯಿತುಂಬ ಹುಣ್ಣು, ಜ್ವರ, ರಕ್ತಸ್ರಾವ ಆಗಿ ಜೀವಕ್ಕೇ ಅಪಾಯವಾಗಬಹುದು. "ಬೇಗ ಕಡಿಮೆಯಾಗಲಿ" ಎಂದು ಎರಡು ದಿನಕ್ಕೊಮ್ಮೆ ನುಂಗುವುದೂ ಅಷ್ಟೇ ಅಪಾಯ.

ನೆನಪಿಗೆ ಒಂದು ವಾರ ಗೊತ್ತು ಮಾಡಿಕೊಳ್ಳಿ. ಸೋಮವಾರವಾಗಲಿ, ನಿಮ್ಮೂರ ಸಂತೆಯ ದಿನವಾಗಲಿ, ಯಾವುದಾದರೊಂದು. ಮಾತ್ರೆಯ ಪಟ್ಟಿಯ ಮೇಲೆ ಆ ವಾರದ ಹೆಸರನ್ನು ನಾವೇ ಪೆನ್ನಿನಿಂದ ಬರೆದುಕೊಡುತ್ತೇವೆ. ನುಂಗಿದ ಮೇಲೆ ಕ್ಯಾಲೆಂಡರಿನಲ್ಲಿ ಗುರುತು ಹಾಕಿರಿ. ಮರೆತರೆ ಮರುದಿನ ನುಂಗಬಹುದು. ಎರಡು ದಿನ ದಾಟಿದ್ದರೆ ಆ ವಾರ ಬಿಟ್ಟುಬಿಡಿ, ಮುಂದಿನ ವಾರ ಎರಡು ಪಾಲು ನುಂಗಬೇಡಿ. ಜೊತೆಗೆ ಫೋಲಿಕ್ ಆಸಿಡ್ ಎಂಬ ಇನ್ನೊಂದು ಮಾತ್ರೆ ಕೊಟ್ಟಿರುತ್ತಾರೆ. ಅದು ಮೊದಲನೆಯದರ ತೊಂದರೆ ತಗ್ಗಿಸಲು, ಬೇರೆ ದಿನ ನುಂಗಲು. ಎರಡೂ ಸಣ್ಣ ಹಳದಿ ಮಾತ್ರೆಗಳಾಗಿರುವುದುಂಟು. ಆದ್ದರಿಂದ ಪಟ್ಟಿಯಿಂದ ಬಿಡಿಸಿ ಒಂದೇ ಡಬ್ಬಿಯಲ್ಲಿ ಬೆರೆಸಿ ಇಡಬಾರದು. ಅಂಗಡಿಯಿಂದ ಹೊಸ ಪಟ್ಟಿ ತಂದಾಗ ಮಿಲಿಗ್ರಾಂ ಅದೇ ಇದೆಯೇ ನೋಡಿಸಿ. 2.5 ರ ಬದಲು 10 ಬಂದರೆ ನಾಲ್ಕು ಪಟ್ಟು ಆದಂತೆ.

ಫಲ ಕಾಣಲು ಒಂದೂವರೆ ಎರಡು ತಿಂಗಳು ಬೇಕು. ಅಲ್ಲಿಯವರೆಗೆ ತಾಳ್ಮೆ ಇರಲಿ. ರಕ್ತ, ಪಿತ್ತಜನಕಾಂಗ, ಮೂತ್ರಪಿಂಡಗಳ ಪರೀಕ್ಷೆಯನ್ನು ಹೇಳಿದ ದಿನಕ್ಕೆ ಮಾಡಿಸಲೇಬೇಕು. "ಆರಾಮ ಅದೇನಿ, ಟೆಸ್ಟ್ ಯಾಕ್ರಿ?" ಎನ್ನಬೇಡಿ. ಈ ಪರೀಕ್ಷೆ ತೊಂದರೆಯನ್ನು ನಿಮಗೆ ಗೊತ್ತಾಗುವ ಮೊದಲೇ ಹಿಡಿಯುತ್ತದೆ. ಈ ಮಾತ್ರೆ ನುಂಗುವವರು ಸಾರಾಯಿ ಮುಟ್ಟಬಾರದು. ಹೆಣ್ಣುಮಕ್ಕಳು ಗರ್ಭ ಧರಿಸಬಾರದು. ಮಾತ್ರೆ ನಿಲ್ಲಿಸಿದ ಮೇಲೂ ವೈದ್ಯರು ಹೇಳಿದಷ್ಟು ತಿಂಗಳು ಕಾಯಬೇಕು, ಮಗುವಿಗೆ ಹಾಲೂಡಿಸುವವರಿಗೂ ಇದು ಸಲ್ಲದು. ಮಕ್ಕಳಾಗಬೇಕೆಂದಿರುವ ಗಂಡಸರೂ ಮೊದಲೇ ವೈದ್ಯರಿಗೆ ತಿಳಿಸಬೇಕು. ಬೇರೆ ಕಡೆ ಜ್ವರಕ್ಕೋ ಉರಿಮೂತ್ರಕ್ಕೋ ತೋರಿಸಿದಾಗ "ನಾನು ಮೆಥೋಟ್ರೆಕ್ಸೇಟ್ ನುಂಗುತ್ತೇನೆ" ಎಂದು ಹೇಳಿರಿ. ಕೋಟ್ರೈಮಾಕ್ಸಜೋಲ್ ಎಂಬ ಸಲ್ಫಾ ಮಾತ್ರೆ ಇದರ ಜೊತೆ ಸೇರಿದರೆ ವಿಷವಾಗುತ್ತದೆ. ನೋವಿನ ಮಾತ್ರೆಗಳನ್ನೂ ಕೇಳದೆ ನುಂಗಬೇಡಿ.

ಬೇರೆ ಮಾತ್ರೆಗಳೂ ಇವೆ. ಅಸಿಟ್ರೆಟಿನ್ ನುಂಗಿದ ಹೆಣ್ಣುಮಕ್ಕಳು ಅದನ್ನು ಬಿಟ್ಟ ಮೇಲೆ ಮೂರು ವರ್ಷ ಗರ್ಭ ಧರಿಸಬಾರದು. ಆದ್ದರಿಂದ ಹರೆಯದವರಿಗೆ ಅದನ್ನು ಕೊಡುವುದು ಕಡಿಮೆ. ಸೈಕ್ಲೋಸ್ಪೋರಿನ್ ನುಂಗುವವರು ರಕ್ತದೊತ್ತಡ ನೋಡಿಸುತ್ತಿರಬೇಕು. ಈಚಿನ ವರ್ಷಗಳಲ್ಲಿ ಬಯೋಲಾಜಿಕ್ ಎಂಬ ಇಂಜೆಕ್ಷನ್‌ಗಳು ಬಂದಿವೆ. ಅವುಗಳಲ್ಲಿ ಒಂದಾದ ಇಟೋಲಿಜುಮ್ಯಾಬನ್ನು ಬೆಂಗಳೂರಿನ ಬಯೋಕಾನ್ ಸಂಸ್ಥೆ 2013 ರಲ್ಲಿ ಮಾರುಕಟ್ಟೆಗೆ ತಂದಿತು. ಗುಣ ಚೆನ್ನಾಗಿದ್ದರೂ ಬೆಲೆ ಹೆಚ್ಚು. ಬಯೋಲಾಜಿಕ್ ಶುರು ಮಾಡುವ ಮೊದಲು ಕ್ಷಯರೋಗದ ಪರೀಕ್ಷೆ ಕಡ್ಡಾಯ. ಇವುಗಳಿಂದಲೂ ಹತೋಟಿಯೇ ಹೊರತು ಶಾಶ್ವತ ವಾಸಿಯಿಲ್ಲ.

"ಗ್ಯಾರಂಟಿ" ಕೊಡುವವರ ವಿಷಯ

"ಮೂರು ಇಂಜೆಕ್ಷನ್, ಜೀವನಪೂರ್ತಿ ಮಾತಿಲ್ಲ" ಎನ್ನುವವರು ಎಲ್ಲ ಊರಲ್ಲೂ ಇದ್ದಾರೆ. ಆ ಇಂಜೆಕ್ಷನ್ ಅನೇಕ ವೇಳೆ ಸ್ಟೀರಾಯ್ಡ್. ಹೆಸರಿಲ್ಲದ ಪುಡಿಯಲ್ಲೂ ಅದೇ ಬೆರೆತಿರಬಹುದು. ಸ್ಟೀರಾಯ್ಡ್ ಮೈಗೆ ಸೇರಿದಾಗ ಮಚ್ಚೆಗಳು ಮಂತ್ರ ಹಾಕಿದಂತೆ ಮಾಯವಾಗುತ್ತವೆ. ಬಿಟ್ಟಾಗ ರೋಗ ಸೇಡು ತೀರಿಸಿಕೊಂಡಂತೆ ಮರಳುತ್ತದೆ.

ಹೀಗಾಗಿ ಬಂದ ಒಬ್ಬ ರೈತರನ್ನು ನಮ್ಮ ವಾರ್ಡಿನವರು ಮರೆಯುವಂತಿಲ್ಲ. ಅವರಿಗೆ ಮೊದಲು ಇದ್ದದ್ದು ಮೊಣಕೈಯ ಮೇಲೆ ನಾಲ್ಕು ಮಚ್ಚೆ. ಸಂತೆಯಲ್ಲಿ ಯಾರೋ ಹದಿನೈದು ದಿನಕ್ಕೊಮ್ಮೆ ಸೂಜಿ ಚುಚ್ಚಿದರು. ಪೂರ್ತಿ ಆರಾಮವಾಗಿತ್ತು. ಮೂರು ತಿಂಗಳಾದ ಮೇಲೆ ಆ ವ್ಯಕ್ತಿ ಬರುವುದು ನಿಂತಿತು. ಬೇಸಿಗೆಯ ನಡುಹಗಲಿನಲ್ಲಿ, ಕಂಬಳಿ ಹೊದ್ದು ಗಡಗಡ ನಡುಗುತ್ತಾ ಇವರು ನಮ್ಮಲ್ಲಿಗೆ ಬಂದರು. ತಲೆಯಿಂದ ಕಾಲಿನವರೆಗೆ ಮೈ ಕೆಂಪಗಾಗಿ, ಕಾಲು ಬಾತು, ಬೆಳಿಗ್ಗೆ ಹಾಸಿಗೆ ಕೊಡವಿದರೆ ಮುಷ್ಟಿಗಟ್ಟಲೆ ಹೊಟ್ಟು ಉದುರುತ್ತಿತ್ತು. ಇಡೀ ಚರ್ಮ ಹೀಗೆ ಸುಲಿದಾಗ ಮೈಯ ಕಾವು, ನೀರು, ಸತ್ವ ಎಲ್ಲಾ ಸೋರಿಹೋಗುತ್ತದೆ. ಹೃದಯಕ್ಕೂ ಭಾರ. ಮೂರು ವಾರ ವಾರ್ಡಿನಲ್ಲಿದ್ದು ಗುಣವಾಗಿ ಹೋದರು. ಆಕಳು ಮಾರಿದ ದುಡ್ಡು ಅಷ್ಟರೊಳಗೆ ಆ ಸೂಜಿಗೇ ಹೋಗಿತ್ತು.

ಆಯುರ್ವೇದ, ಹೋಮಿಯೋಪಥಿಗಳನ್ನು ಹಳಿಯುವುದಕ್ಕಾಗಿ ಇದನ್ನು ಹೇಳುತ್ತಿಲ್ಲ. ಯಾವ ಪದ್ಧತಿಯಾದರೂ ಸರಿ, ಓದಿದ ವೈದ್ಯರಾಗಿರಲಿ, ಔಷಧಿಯ ಹೆಸರು ಬರೆದುಕೊಡಲಿ. ಹೆಸರು ಹೇಳದವರ ಪುಡಿ ನುಂಗಬೇಡಿ. ಈಗಾಗಲೇ ನುಂಗುತ್ತಿದ್ದರೆ ಗಾಬರಿಯಿಂದ ಒಮ್ಮೆಲೇ ಬಿಡದೆ ಆ ಪುಡಿಯನ್ನೂ ತೆಗೆದುಕೊಂಡು ಬೇಗ ಬನ್ನಿ. ಯಾರೂ ಬೈಯುವುದಿಲ್ಲ.

ಕೀಲು, ಉಗುರು, ಹೃದಯ

ಸೋರಿಯಾಸಿಸ್ ಇರುವವರಲ್ಲಿ ಸುಮಾರು ಮೂರರಲ್ಲಿ ಒಬ್ಬರವರೆಗೆ ಕೀಲುಬೇನೆ ಬರಬಹುದು. ಬೆಳಿಗ್ಗೆ ಎದ್ದಾಗ ಬೆರಳು, ಸೊಂಟ ಅರ್ಧ ಗಂಟೆಗೂ ಹೆಚ್ಚು ಹೊತ್ತು ಬಿಗಿದಿರುವುದು, ಒಂದು ಬೆರಳು ಪೂರ್ತಿ ಬಾಳೆಹಣ್ಣಿನಂತೆ ಊದುವುದು, ಹಿಮ್ಮಡಿ ನೋವು ಇವುಗಳಿದ್ದರೆ ವಯಸ್ಸಾಯಿತೆಂದು ಸುಮ್ಮನಿರಬೇಡಿ. ತಡವಾದರೆ ಬೆರಳು ಸೊಟ್ಟಗಾಗಿ ಹಾಗೇ ನಿಲ್ಲುತ್ತವೆ. ಉಗುರಿನಲ್ಲಿ ಸೂಜಿಮೊನೆಯಂಥ ಗುಳಿಗಳಿದ್ದವರು ಹೆಚ್ಚು ಎಚ್ಚರವಾಗಿರಬೇಕು. ರೋಗ ಜೋರಾಗಿರುವವರಲ್ಲಿ ಸಕ್ಕರೆ ಕಾಯಿಲೆ, ರಕ್ತದೊತ್ತಡ, ಹೃದ್ರೋಗದ ಸಂಭವವೂ ಹೆಚ್ಚು. ವರ್ಷಕ್ಕೊಮ್ಮೆಯಾದರೂ ಇವನ್ನು ಪರೀಕ್ಷಿಸಿಕೊಳ್ಳಿ.

ಊಟದ ಪಥ್ಯ

ಬದನೆಕಾಯಿ ನಂಜು, ಶೇಂಗಾ ನಂಜು, ಹುಳಿ ಬೇಡ ಎಂದು ಬಿಡುತ್ತಾ ಬಿಡುತ್ತಾ ಕೊನೆಗೆ ಗಂಜಿಗೆ ಬಂದು ನಿಂತವರನ್ನು ನೋಡಿದ್ದೇವೆ. ಸೋರಿಯಾಸಿಸ್‌ಗೆಂದು ಎಲ್ಲರೂ ಬಿಡಲೇಬೇಕಾದ ಕಾಯಿಪಲ್ಲೆ ಯಾವುದೂ ಇಲ್ಲ. ಚರ್ಮ ಉದುರುವವರಿಗೆ ಬೇಳೆ, ಕಾಳು, ಹಾಲು ಬೇಕು. ಜೋಳದ ರೊಟ್ಟಿ, ಸೊಪ್ಪು, ಮೊಳಕೆಕಾಳು ಹೊಟ್ಟೆತುಂಬ ಉಣ್ಣಿ. ತೂಕ ಹೆಚ್ಚಿದ್ದವರು ಕರಿದದ್ದು, ಸಿಹಿ ಕಡಿಮೆ ಮಾಡಿ ನಡೆದಾಡಿ. ತೂಕ ಇಳಿದರೆ ಮಚ್ಚೆಯೂ ಇಳಿಯುತ್ತದೆ.

ಮನಸ್ಸಿನ ಮಾತು

ಅರ್ಧ ತೋಳಿನ ಅಂಗಿ ಬಿಟ್ಟವರು, ಜಾತ್ರೆಗೆ ಹೋಗದವರು, ಕ್ಷೌರದಂಗಡಿಗೆ ಹೋಗಲು ನಾಚಿ ಮನೆಯಲ್ಲೇ ಕತ್ತರಿಸಿಕೊಳ್ಳುವವರು ನಮ್ಮಲ್ಲಿಗೆ ಬರುತ್ತಾರೆ. ಈ ರೋಗದಲ್ಲಿ ಮನಸ್ಸು ಕುಗ್ಗುವುದು ಸಾಮಾನ್ಯ, ಅದಕ್ಕೂ ಚಿಕಿತ್ಸೆ ಇದೆ. ಊಟ ಸೇರದೆ, ನಿದ್ದೆ ಬಾರದೆ, "ಬದುಕಿ ಏನು ಮಾಡೋದು" ಎನ್ನುವ ಮಾತು ರೋಗಿಯ ಬಾಯಲ್ಲಿ ಬಂದರೆ ಮನೆಯವರು ಹಗುರವಾಗಿ ತೆಗೆದುಕೊಳ್ಳಬಾರದು. ನಮಗೆ ತಿಳಿಸಿ, ಅಥವಾ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಕ್ಕೆ ಫೋನ್ ಮಾಡಿರಿ. ಹಣ ಕೊಡಬೇಕಾಗಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಮನೆಯವರು ಇನ್ನೊಂದು ಕೆಲಸ ಮಾಡಬಹುದು. ಬೆನ್ನಿಗೆ ಮುಲಾಮು ಹಚ್ಚುವುದು. ರೋಗಿಗೆ ತನ್ನ ಬೆನ್ನು ತನಗೆ ಎಟುಕುವುದಿಲ್ಲ, ಕೇಳಲು ಸಂಕೋಚ. ಎಷ್ಟೋ ಜನರಲ್ಲಿ ಕೈಕಾಲು ಗುಣವಾಗಿ ಬೆನ್ನು ಮಾತ್ರ ಹಾಗೇ ಉಳಿದಿರುತ್ತದೆ. ಬರಿಗೈಯಲ್ಲೇ ಹಚ್ಚಿ, ಆಮೇಲೆ ಔಷಧಿ ಹೋಗುವಂತೆ ಕೈ ತೊಳೆದುಕೊಂಡರೆ ಸಾಕು.

ತಕ್ಷಣ ಬರಬೇಕಾದದ್ದು, ಮುಂದಿನ ಸಲ ತರಬೇಕಾದದ್ದು

ಮೈಯೆಲ್ಲಾ ಕೆಂಪಾಗಿ ಚಳಿ ನಡುಕ ಬಂದರೆ, ಮಚ್ಚೆಗಳ ಮೇಲೆ ಕೀವುಗುಳ್ಳೆಗಳು ಎದ್ದು ಜ್ವರ ಬಂದರೆ, ಕೀಲು ಒಮ್ಮೆಲೇ ಊದಿದರೆ ಚೀಟಿಯ ದಿನಾಂಕಕ್ಕೆ ಕಾಯಬೇಡಿ. ಮೆಥೋಟ್ರೆಕ್ಸೇಟ್ ನುಂಗುವವರಿಗೆ ಬಾಯಿಹುಣ್ಣು, ಜ್ವರ, ಒಣಕೆಮ್ಮಿನೊಂದಿಗೆ ಏದುಸಿರು, ಕಣ್ಣು ಹಳದಿ, ಒಸಡಿನಲ್ಲಿ ರಕ್ತ ಇವುಗಳಲ್ಲಿ ಒಂದು ಕಂಡರೂ ಮುಂದಿನ ಮಾತ್ರೆ ನುಂಗದೆ ಅದೇ ದಿನ ಬನ್ನಿ. ರಾತ್ರಿಯಾದರೂ ತುರ್ತು ವಿಭಾಗಕ್ಕೆ ಬನ್ನಿ.

ಸಾಮಾನ್ಯ ತಪಾಸಣೆಗೆ ಬರುವಾಗ ಹಳೆಯ ಚೀಟಿ, ರಕ್ತಪರೀಕ್ಷೆಯ ಕಾಗದ, ಉಳಿದ ಮಾತ್ರೆ, ಖಾಲಿ ಟ್ಯೂಬು, ಬೇರೆ ಕಾಯಿಲೆಯ ಮಾತ್ರೆಗಳು ಎಲ್ಲವನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ಬನ್ನಿ. ಬರುವ ದಿನ ಬೆಳಿಗ್ಗೆ ಮಚ್ಚೆಗೆ ಎಣ್ಣೆ ಹಚ್ಚಬೇಡಿ, ಪೊರೆ ಎಷ್ಟಿದೆ ಎಂದು ವೈದ್ಯರಿಗೆ ಕಾಣಬೇಕು. ಸುಲಭವಾಗಿ ಬಿಚ್ಚುವ ಸಡಿಲ ಬಟ್ಟೆ ಹಾಕಿಕೊಳ್ಳಿ. ತೊಡೆಸಂದಿಯಲ್ಲೋ ಗುಪ್ತ ಭಾಗದಲ್ಲೋ ಇದ್ದರೆ ಹೇಳಲು ನಾಚಬೇಡಿ. ಹೆಣ್ಣುಮಕ್ಕಳು ಮೊದಲು ಸಿಸ್ಟರ್ ಹತ್ತಿರ ಹೇಳಿದರೂ ಆಯಿತು, ಪರದೆ ಎಳೆದು ನಾವೇ ಜೊತೆಗೆ ನಿಲ್ಲುತ್ತೇವೆ.